ಅಮ್ಮನ ಎಡಗೈ

ಮಂಗಳವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಅಮ್ಮನ ಕೈಯಿಂದ ಇಷ್ಟಲಿಂಗ ಮೂರನೇ ಸಲ ಜಾರಿತು.

ಮೊದಲೆರಡು ಸಲ ಅವಳ ಮಡಿಲಿಗೆ ಬಿದ್ದಿತ್ತು. ಈ ಸಲ ಮಣೆಯ ಅಂಚಿಗೆ ಬಡಿದು, ನೆಲದ ಮೇಲೆ ಉರುಳಿ, ಫ್ರಿಜ್ಜಿನ ಕೆಳಗೆ ಹೋಯಿತು. ನಾನು ಅಡುಗೆಮನೆಯ ಬಾಗಿಲಲ್ಲೇ ಇದ್ದೆ. ಆರು ತಿಂಗಳಿಂದ ಅವಳು ಪೂಜೆಗೆ ಕೂತಾಗಲೆಲ್ಲ ಪಾತ್ರೆ ಒರೆಸುವ ನೆಪದಲ್ಲಿ ಅಲ್ಲೇ ನಿಲ್ಲುತ್ತೇನೆ. ಓಡಿಬಂದು ಮಂಡಿಯೂರಿ ಕೈ ಚಾಚಿದೆ.

"ಮುಟ್ಟಬೇಡ!"

ಅಮ್ಮ ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಕೇಳಿರಲಿಲ್ಲ. ಎಪ್ಪತ್ತನಾಲ್ಕು ವರ್ಷದ ಹೆಂಗಸು, ಮೊಣಕೈ ಊರಿ, ಕೆನ್ನೆ ನೆಲಕ್ಕೆ ಹಚ್ಚಿ ಮಲಗಿ ಫ್ರಿಜ್ಜಿನ ಕೆಳಗೆ ಕೈ ಹಾಕಿದಳು. ನಡುಗುವ ಬೆರಳು ತಾಗಿದಷ್ಟೂ ಲಿಂಗ ಹಿಂದಕ್ಕೆ ಸರಿಯಿತು. ನಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೆ, ಅಷ್ಟೇ. ಎಂಟು ನಿಮಿಷ. ಗೋಡೆಯ ಗಡಿಯಾರ ಎದುರಿಗೇ ಇತ್ತು.

ಕೊನೆಗೆ ಲಿಂಗ ಸಿಕ್ಕಿತು. ಜೊತೆಗೆ ಧೂಳು, ಒಂದು ಒಣ ಹುರುಳಿಕಾಯಿ ತುಂಡು. ಲಿಂಗದ ಕಪ್ಪು ಲೇಪ ಒಂದು ಕಡೆ ಸಾಸಿವೆಯಷ್ಟು ಚಕ್ಕೆ ಎದ್ದಿತ್ತು. ಅಮ್ಮ ಅದನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ, ಬೆಳ್ಳಿಯ ಕರಡಿಗೆಯೊಳಗಿಟ್ಟು ಕೊರಳಿಗೆ ಹಾಕಿಕೊಂಡು ಕುರ್ಚಿಯಲ್ಲಿ ಕೂತಳು. ಮತ್ತೆ ಬೀಳಿಸಿಬಿಡುವೆನೆಂದು ಮಣೆಯ ಕಡೆ ಹೋಗಲಿಲ್ಲ.

"ತಿಂಡಿ ತರ್ಲಾ?" ಎಂದೆ.

"ಪೂಜೆ ಆಗಿಲ್ಲ."

"ಮಾತ್ರೆ ಆದ್ರೂ ತಗೋ."

"ಪೂಜೆ ಆಗಿಲ್ಲ ಅಂದ್ನಲ್ಲ."

ನಮ್ಮ ಮನೆಯ ಜಗಳವೆಲ್ಲ ಇಷ್ಟೇ. ನರದ ಡಾಕ್ಟರು ಬರೆದುಕೊಟ್ಟಿರುವುದು ಬೆಳಿಗ್ಗೆ ಆರೂವರೆಗೆ, ಖಾಲಿ ಹೊಟ್ಟೆಗೆ ಒಂದು ಮಾತ್ರೆ. ಅದು ಒಳಗೆ ಹೋದ ಮುಕ್ಕಾಲು ಗಂಟೆಗೆ ಕೈ ನಡುಕ ನಿಲ್ಲುತ್ತದೆ. ಆದರೆ ಲಿಂಗಪೂಜೆಗೆ ಮುಂಚೆ ಅಮ್ಮನ ಬಾಯಿಗೆ ಒಂದು ತೊಟ್ಟು ನೀರೂ ಹೋಗುವುದಿಲ್ಲ. ತಿಪಟೂರಿನ ತೌರುಮನೆಯಲ್ಲಿ ಹದಿಮೂರನೇ ವಯಸ್ಸಿಗೆ ದೀಕ್ಷೆಯಾದ ದಿನದಿಂದ ಹೋಗಿಲ್ಲ. ಹಾಗಾಗಿ ಮಾತ್ರೆಯಿಲ್ಲದ ಕೈಯಲ್ಲೇ ಲಿಂಗ ಹಿಡಿಯಬೇಕು. ಕೈ ಅಲುಗಿದಾಗಲೆಲ್ಲ ಮೊದಲಿಂದ ಶುರು. ಹತ್ತು ನಿಮಿಷದ ಪೂಜೆಗೆ ಒಂದೂವರೆ ಗಂಟೆ. ಎಂಟಕ್ಕೆ ಮಾತ್ರೆ ನುಂಗಿ, ಎಂಟೂಮುಕ್ಕಾಲಿಗೆ ಕೈ ನಿಲ್ಲುವ ಹೊತ್ತಿಗೆ ದೇವರು ಕರಡಿಗೆಯೊಳಗೆ ಸೇರಿರುತ್ತಾನೆ. ಆ ನಿಂತ ಕೈಯಲ್ಲಿ ಅಮ್ಮ ಸೊಪ್ಪು ಬಿಡಿಸುತ್ತಾಳೆ.

ನಾನು ಕಾಲೇಜಿಗೆ ಫೋನ್ ಮಾಡಿ ರಜೆ ಹಾಕಿದೆ. ಹತ್ತು ಗಂಟೆಗೆ ಅವಳ ನಾಲಿಗೆ ದಪ್ಪವಾಯಿತು. ಹನ್ನೊಂದಕ್ಕೆ ಕುರ್ಚಿಯಿಂದ ಏಳಲು ಆಗಲಿಲ್ಲ. ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಬಚ್ಚಲಿಗೆ ಕರೆದೊಯ್ದೆ. ಮಾತ್ರೆ ಹೀಗೆ ಒಮ್ಮೆಲೇ ನಿಲ್ಲಿಸಿದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದು ಡಾಕ್ಟರು ಎರಡು ಸಲ ಎಚ್ಚರಿಸಿದ್ದರು. ಬಾಡಿಗೆ ಮನೆಯ ಓನರ್ ತಿಮ್ಮರಾಯಪ್ಪ ನೀರಿನ ಮೋಟರ್ ವಿಷಯ ಹೇಳಲು ಮೇಲೆ ಬಂದವರು ಅಮ್ಮನನ್ನು ನೋಡಿ, "ಏನ್ ಮೇಡಂ, ಅಜ್ಜಿ ಮಾತೇ ಆಡ್ತಿಲ್ಲ? ನಮ್ಮೂರಮ್ಮಂಗೆ ಒಂದ್ ಮಡ್ಲಕ್ಕಿ ಕಟ್ಬಿಡಿ, ಸರ್ಹೋಯ್ತದೆ," ಎಂದರು.

"ಇರೋ ದೇವ್ರೇ ಸಾಕಾಗಿದೆ ಅಂಕಲ್," ಎಂದು ಬಾಗಿಲು ಹಾಕಿಕೊಂಡೆ. ಹಾಗೆ ಮಾತಾಡುವವಳಲ್ಲ ನಾನು.

ನಮ್ಮ ಮನೆತನದ ಗುರುಗಳಾದ ಸಿದ್ದಲಿಂಗಯ್ಯನವರಿಗೆ ಫೋನ್ ಹಚ್ಚಿ, ಸ್ಪೀಕರ್ ಒತ್ತಿ, ಅಮ್ಮನ ಮುಂದೆ ಹಿಡಿದೆ.

"ಔಷಧಕ್ಕೆ ಮೈಲಿಗೆ ಇಲ್ಲ ತಾಯಿ," ಎಂದರು ಅವರು. "ಮೊದಲು ಮಾತ್ರೆ ತಗೊಳ್ಳಿ, ಆಮೇಲೆ ಪೂಜೆ ಮಾಡಿ. ನಾನು ಹೇಳ್ತಾ ಇದೀನಲ್ಲ."

"ಆಗ್ಲಿ ಬುದ್ಧಿ," ಎಂದಳು ಅಮ್ಮ. ಫೋನ್ ಇಟ್ಟ ಮೇಲೆ ನನ್ನ ಕಡೆ ತಿರುಗಿದಳು. "ಇವರಪ್ಪ ನಂಗೆ ದೀಕ್ಷೆ ಕೊಟ್ಟೋರು. ಆಗ ಈ ಹುಡ್ಗ ಚಡ್ಡಿ ಹಾಕ್ಕೊಂಡು ನಮ್ ತೋಟದಲ್ಲಿ ಸೀಬೆಕಾಯಿ ಕದೀತಿದ್ದ. ಇವನ್ ಮಾತು ನಾನ್ ಕೇಳ್ಬೇಕಾ?"

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಯಾರ್ ಮಾತೂ ಕೇಳ್ಬೇಡ! ಆ ಕಲ್ಲಿನ ಮಾತ್ ಕೇಳು. ಆರು ತಿಂಗಳಿಂದ ಕೇಳ್ತಿದೀಯಲ್ಲ, ಏನಂತು? ಆಸ್ತಿ ಕೇಳಿದ್ಯಾ ನೀನು? ಆಯಸ್ಸು ಕೇಳಿದ್ಯಾ? ಹತ್ ನಿಮಿಷ ಕೈ ನಿಲ್ಲಿಸು ಅಂತ ಕೇಳ್ದೆ. ಅದೂ ಅವನನ್ನೇ ಹಿಡ್ಕೊಳ್ಳೋಕೆ. ತನ್ನನ್ನ ಹಿಡಿಯೋ ಕೈನೇ ನಿಲ್ಲಿಸೋಕಾಗ್ದೋನು ಎಂಥಾ ದೇವ್ರು?"

ಅಮ್ಮ ಕರಡಿಗೆಯನ್ನು ಸೆರಗಿನೊಳಗೆ ಸರಿಸಿಕೊಂಡಳು. ನನಗೆ ಅದೂ ಸಿಟ್ಟು ತರಿಸಿತು.

"ಅಪ್ಪ ಐಸಿಯುನಲ್ಲಿದ್ದಾಗ ಇಪ್ಪತ್ತೊಂದು ದಿನ ದಿನಕ್ಕೆ ಮೂರು ಹೊತ್ತು ನಾನೂ ಪೂಜೆ ಮಾಡ್ದೆ. ಏನ್ ಕೊಟ್ಟ?"

"ಗೊತ್ತು. ಅಪ್ಪ ಹೋದ ಹನ್ನೆರಡನೇ ದಿನ ನೀನು ಲಿಂಗ ಬಿಚ್ಚಿ ಬೀರುವಿನಲ್ಲಿ ಇಟ್ಟಿದ್ದೂ ಗೊತ್ತು."

ಮೂರು ವರ್ಷವಾಗಿತ್ತು. ಅವಳು ಒಂದು ದಿನವೂ ಆ ಮಾತೆತ್ತಿರಲಿಲ್ಲ. ನನ್ನ ಕೊರಳು ಖಾಲಿ ಇರುವುದನ್ನು ಅವಳು ಗಮನಿಸಿಲ್ಲವೆಂದೇ ನಾನು ಅಂದುಕೊಂಡಿದ್ದೆ. ಎಲ್ಲವನ್ನೂ ಗಮನಿಸುವವಳು ನಾನೊಬ್ಬಳೇ ಎಂಬ ಹಮ್ಮು ನನಗೆ.

"ನಾನು ಕೇಳಿದ್ದು ಕೈ ನಿಲ್ಲಿಸು ಅಂತಲ್ಲ ಮೈತ್ರಿ," ಎಂದಳು. ಮಾತು ತೊದಲುತ್ತಿತ್ತು, ಕಷ್ಟಪಟ್ಟು ಒಂದೊಂದಾಗಿ ಹೊರಡಿಸಿದಳು. "ಬೀಳಿಸ್ಬೇಡ ಅಂತ. ಅಷ್ಟೇ ಕೇಳಿದ್ದು."

"ಅದೇನ್ ಬೇರೇನಾ? ಅದೂ ಆಗ್ಲಿಲ್ವಲ್ಲ. ಫ್ರಿಜ್ ಕೆಳಗ್ ಹೋಯ್ತಲ್ಲ."

"ಕೆಳಗೆ ಇನ್ನೊಂದ್ ಕೈ ಇದ್ದಿದ್ರೆ ಬೀಳ್ತಿರ್ಲಿಲ್ಲ."

ಅವಳು ಹೇಳುತ್ತಿದ್ದುದು ನನ್ನ ಕೈಯ ಬಗ್ಗೆ.

"ನಾನು ಅಲ್ಲೇ ಇರ್ತಿದ್ನಲ್ಲಮ್ಮ! ದಿನಾ ಬಾಗ್ಲಲ್ಲೇ! ಯಾಕ್ ಕರೀಲಿಲ್ಲ?"

"ಲಿಂಗ ಇಲ್ದಿರೋ ಕೈ ಹೆಂಗೆ ಕರೀಲಿ? ಪೂಜೆಗೆ ಕೂತಾಗ ಮುಟ್ಟಿಸ್ಕೊಳ್ಳೋ ಹಂಗಿಲ್ಲ. ಕಟ್ಕೋ ಅಂತ ಹೇಳೋಕೂ ಮನಸ್ ಬರ್ಲಿಲ್ಲ. ಕೋಪ ಮಾಡ್ಕೊಂಡು ಬಿಚ್ಚಿದ್ದೆ ನೀನು. ನಂಗೋಸ್ಕರ ಕಟ್ಕೊಂಡ್ರೆ ಅದು ಸುಳ್ಳಾಗುತ್ತೆ."

ಆರು ತಿಂಗಳು. ದಿನಕ್ಕೆ ಒಂದೂವರೆ ಗಂಟೆ. ಆರಡಿ ದೂರದಲ್ಲಿ ನಾನು ಒಣಗಿದ ಪಾತ್ರೆಯನ್ನೇ ಮತ್ತೆ ಒರೆಸುತ್ತಿದ್ದೆ, ಅವಳು ಮತ್ತೆ ಮೊದಲಿಂದ ಶುರು ಮಾಡುತ್ತಿದ್ದಳು. ನಾನು ಯಾರ ಮೇಲೆ ಕೂಗಬೇಕಿತ್ತು? ಬೀರು ತೆರೆದೆ. ಅಪ್ಪನ ಮರಣಪತ್ರದ ಕವರಿನ ಕೆಳಗೆ ನನ್ನ ಕರಡಿಗೆ ಇತ್ತು. ಬೆಳ್ಳಿ ಕಪ್ಪಾಗಿತ್ತು, ದಾರ ಹಳದಿಯಾಗಿತ್ತು.

"ನಾನಿದನ್ನ ನಂಬಿ ಕಟ್ಕೊಳ್ತಿಲ್ಲ," ಎಂದೆ. "ಅವನ ಮೇಲೆ ನನಗೆ ಇನ್ನೂ ಅಷ್ಟೇ ಕೋಪ ಇದೆ. ಸರಿನಾ?"

ಅಮ್ಮ ನನ್ನನ್ನು ನೋಡಿದಳು. ಮುಖ ಬಿಗಿದಿತ್ತು, ಕಣ್ಣುಗಳು ಮಾತ್ರ ಅಲುಗುತ್ತಿದ್ದವು. "ಕೋಪ ಇದ್ರೆ ಇರ್ಲಿ. ಯಾರೂ ಇಲ್ಲದ ಮನೆ ಮುಂದೆ ಯಾರಾದ್ರೂ ಇಷ್ಟ್ ಜೋರಾಗಿ ಬೈತಾರಾ? ಹೋಗು, ಸ್ನಾನ ಮಾಡ್ಕೊಂಡ್ ಬಾ."

ಮಧ್ಯಾಹ್ನ ಹನ್ನೆರಡೂವರೆಗೆ ಅವಳನ್ನು ಮಣೆಯ ಮೇಲೆ ಕೂರಿಸಿ, ಗೋಡೆಗೆ ಒರಗಿಸಿ, ಎದುರು ಕೂತೆ. ಅವಳ ಎಡಗೈಯ ಕೆಳಗೆ ನನ್ನ ಎರಡೂ ಕೈ ಬೊಗಸೆ ಮಾಡಿ ಹಿಡಿದೆ. ಅವಳು ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡಳು.

ಕೈ ನಿಲ್ಲಲಿಲ್ಲ. ಅದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಅವಳ ನಡುಕ ನನ್ನ ಮಣಿಕಟ್ಟಿಗೆ ಬಂತು, ಮೊಣಕೈಗೆ ಬಂತು, ವಿಭೂತಿ ನನ್ನ ಬೆರಳುಗಳ ಮೇಲೆಲ್ಲ ಉದುರಿತು. ಬಿಲ್ವದ ಎಲೆ ಎರಡು ಸಲ ಜಾರಿತು. ಲಿಂಗ ಮಾತ್ರ ಅಲುಗಾಡುತ್ತಲೇ ಅಲ್ಲೇ ಇತ್ತು. ನಾನು ಅದರ ಚಕ್ಕೆ ಎದ್ದ ಜಾಗವನ್ನೇ ದಿಟ್ಟಿಸುತ್ತಾ, ಅಮ್ಮನಿಗೆ ಕೇಳದಂತೆ, ನನಗೆ ಗೊತ್ತಿರುವ ಎಲ್ಲ ಕೆಟ್ಟ ಮಾತುಗಳಲ್ಲಿ ಅವನನ್ನು ಬೈದೆ.

ಹನ್ನೊಂದು ನಿಮಿಷಕ್ಕೆ ಪೂಜೆ ಮುಗಿಯಿತು. ಲಿಂಗಕ್ಕೆ ಎರೆದ ನೀರಿನಲ್ಲೇ ಅಮ್ಮ ಮಾತ್ರೆ ನುಂಗಿದಳು.

ಒಂದೂವರೆಯ ಹೊತ್ತಿಗೆ ಮಾತು ತಿಳಿಯಾಯಿತು, ಕೈ ನಿಂತಿತು. ತಾನೇ ಅನ್ನಕ್ಕೆ ಸಾರು ಕಲಸಿಕೊಂಡು ಉಣ್ಣತೊಡಗಿದಳು. ನಾನು ಎದುರಿಗೆ ಊಟ ಮಾಡದೆ ಕೂತಿದ್ದೆ. ಕರಡಿಗೆ ಎದೆಗೆ ಒತ್ತುತ್ತಿತ್ತು. ಮೂರು ವರ್ಷದಲ್ಲಿ ಅದರ ಭಾರ ಮರೆತುಹೋಗಿತ್ತು.

"ನಾಳೆ ಆರೂಕಾಲಿಗೆಲ್ಲ ಸ್ನಾನ ಮಾಡಿ ಬಂದ್ಬಿಡ್ಬೇಕು," ಎಂದಳು ಅಮ್ಮ. "ತಡ ಮಾಡಿದ್ರೆ ನಾನ್ ಕಾಯಲ್ಲ."

"ಕಾಯ್ದೇ ಏನ್ ಮಾಡ್ತೀಯ?"

ತುತ್ತು ನುಂಗಿ, ಬೆರಳು ಸವರಿ, ಯೋಚಿಸಿದಳು.

"ಇನ್ನೇನ್ ಮಾಡ್ಲಿ," ಎಂದಳು. "ಕಾಯ್ತೀನಿ."