ಕ್ಲೆಪೊನ್ ಉಪವಾಸದ ಕರಡುಗಳು

೧
ಇಲಿಯಿಂದ ಶುರುಮಾಡಲೇ, ಗಂಡನಿಂದಲೇ? ಇಬ್ಬರೂ ಸತ್ತಿದ್ದಾರೆ. ಇಲಿ ಫ್ರೀಜರ್‌ನಲ್ಲಿದೆ. (ಕ್ರೂರವಾಯಿತು. ಇರಲಿ, ಹೊಡೆದುಹಾಕುವುದಿಲ್ಲ.)

೨
ಹಾವಿನಿಂದ ಶುರುಮಾಡೋಣ. ಅದು ಬದುಕಿದೆ. ಸಣ್ಣ ಜಾತಿಯ ಹೆಬ್ಬಾವು. ಹೆದರಿದರೆ ಬೆಲ್ಲ ತುಂಬಿದ ಅಕ್ಕಿಯುಂಡೆಯ ಹಾಗೆ ಗುಂಡಗಾಗುತ್ತದೆ. ಅದಕ್ಕೇ ಹಾವಿಗೂ ಆ ಉಂಡೆಯ ಹೆಸರು, ಕ್ಲೆಪೊನ್. ಹೆಸರಿಟ್ಟವನು ನನ್ನ ಗಂಡ ಸತ್ರಿಯೊ. ಅವನು ಜೀವಂತ ಇಲಿಯನ್ನೇ ಹಾಕುತ್ತಿದ್ದ. ಅವನು ಹಾಕಿದ ಕೊನೆಯ ಇಲಿ ಕ್ಲೆಪೊನ್‌ನ ಕಣ್ಣಂಚಿಗೆ ಕಚ್ಚಿತು. "ಇನ್ಮೇಲೆ ಫ್ರೀಜರ್ ಇಲಿಗೆ ಒಗ್ಗಿಸ್ಬೇಕು" ಎಂದ. ಒಗ್ಗಿಸುವ ಮೊದಲೇ ರಿಂಗ್ ರೋಡಿನಲ್ಲಿ ಒಂದು ಟ್ರಕ್.

ಉಳಿದ ಕೆಲಸ ನನ್ನದಾಯಿತು. ಸತ್ತ ಇಲಿಯನ್ನು ಬಿಸಿನೀರಿನಲ್ಲಿ ಕರಗಿಸುತ್ತೇನೆ, ಉದ್ದನೆಯ ಇಕ್ಕಳದಲ್ಲಿ ಹಿಡಿದು ಜೀವ ಇರುವಂತೆ ಕುಣಿಸುತ್ತೇನೆ. ಕ್ಲೆಪೊನ್ ನಾಲಿಗೆ ಆಡಿಸಿ ಮುಖ ತಿರುಗಿಸುತ್ತದೆ. ವಾರ ವಾರವೂ ಇದೇ.

೩
ಮೊದಲ ಕರಡು: ಒಡೆಯ ಸತ್ತ ಶೋಕಕ್ಕೆ ಹಾವು ಊಟ ಬಿಟ್ಟಿದೆ. ಗಾಜಿನ ಆಚೆ ಹಾವು, ಈಚೆ ವಿಧವೆ. ಹೊರಗೆ ಮಳೆ. (ನಮ್ಮೂರು ಜೋಗ್ಜಾದಲ್ಲಿ ಆಗ ಒಂದು ಹನಿಯೂ ಬಿದ್ದಿರಲಿಲ್ಲ.) ಓದುಗರೇ, ನಿಮಗಿದು ಹಿಡಿಸುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಸಾಹಿತ್ಯ ಓದಿದ ನನಗಂತೂ ಬಹಳ ಹಿಡಿಸಿತು. ಅತ್ತೆಗೆ ಓದಿ ಹೇಳಿದೆ. ಅವರು ನನ್ನನ್ನು ಸಿಟ್ಟಿನಲ್ಲೂ ನ್ದುಕ್, ಮಗಳೇ, ಎಂದೇ ಕರೆಯುವವರು; ನನಗೆ ಅವರು ಬು, ಅಮ್ಮ.

"ಹಾವಿಗೆ ಶೋಕಾನಾ ನ್ದುಕ್? ಹೆತ್ತೋಳು ನಾನೇ ಮೂರು ಹೊತ್ತು ತಿಂತಿದೀನಿ!"

"ಬು, ನೀವು ಕಥೆಯ ಪಾತ್ರ. ವಿಮರ್ಶೆ ಮಾಡೋ ಹಾಗಿಲ್ಲ."

"ಪಾತ್ರ ಆದ್ರೆ ಸ್ವಲ್ಪ ತೆಳ್ಳಗೆ ಬರಿ."

೪
ಇವತ್ತು ಮಧ್ಯಾಹ್ನ ಗಿಲಾಂಗ್ ಬಟ್ಟೆಯ ಚೀಲ ಹಿಡಿದು ಬಂದ. ಸತ್ರಿಯೊನ ಹಾವು ಸಾಕುವ ಗೆಳೆಯ. ನಮಗೆ ಇಲಿ ತಂದುಕೊಡುವವನೂ ಅವನೇ. ಅವನಿಗೆ ನಾನು ಮ್ಬಾಕ್, ಅಕ್ಕ; ನನಗೆ ಅವನು ಮಾಸ್, ಅಣ್ಣ. ಇವತ್ತೂ ತಿನ್ನದಿದ್ದರೆ ಕ್ಲೆಪೊನ್ ಅವನ ಮನೆಗೆ. ಹಾಗೆಂದು ಮಾತು ಕೊಟ್ಟಿದ್ದೇನೆ. ಅವನ ಬೈಕಿನ ಹಿಂದೆ, ತೂತು ಕೊರೆದ ಡಬ್ಬಿಯಲ್ಲಿ, ಜೀವಂತ ಇಲಿಯೊಂದು ಕೆರೆಯುತ್ತಿತ್ತು.

"ಬೇಜಾರು ಮಾಡ್ಕೋಬೇಡಿ ಮ್ಬಾಕ್. ಬೆನ್ನುಮೂಳೆ ಎದ್ದು ಕಾಣ್ತಿದೆ. ನಮ್ಮನೇಲಾದ್ರೆ ಇವತ್ತೇ ಗುಳುಂ."

"ಮತ್ತೆ ಕಚ್ಚಿಸ್ಕೊಂಡ್ರೆ ಮಾಸ್?"

"ಕಚ್ಚಿದ್ರೆ ಮಾಯುತ್ತೆ. ಹಸಿವು ಮಾಯಲ್ಲ."

"ಇನ್ನೊಂದೇ ಸಲ ನೋಡ್ತೀನಿ."

(ಮುಕ್ತಾಯ ಒಂದು: ಅವನು ಒಯ್ಯುತ್ತಾನೆ. ಖಾಲಿ ಗಾಜಿನ ಪೆಟ್ಟಿಗೆಯಲ್ಲಿ ನಾನು ಗಿಡ ಬೆಳೆಸುತ್ತೇನೆ. ಸಂಪಾದಕರು ಕಣ್ಣೊರೆಸಿಕೊಂಡು ಅಚ್ಚು ಹಾಕುತ್ತಾರೆ. ಬೇಡ.)

೫
ಬಿಸಿನೀರಿಗೆ ಇಲಿ ಹಾಕಿದೆ. ಆವಿ ಎದ್ದಿತು. ಏನೋ ಮೂಗಿಗೆ ತಾಗಿತು. ಸತ್ರಿಯೊನನ್ನು ಮಣ್ಣು ಮಾಡಿದಾಗಿನಿಂದ ನನ್ನ ಮೂಗಿಗೆ ಮಲ್ಲಿಗೆಯೂ ಒಂದೇ, ಒಣಮೀನೂ ಒಂದೇ. ಈಗ ತಾಗಿತು! ಬಾಗಿ ಮೂಸಿದೆ.

ನಿಂಬೆಹಣ್ಣು!

"ಬು! ಇಲಿಗೆ ಏನು ಮಾಡಿದ್ರಿ?"

"ಏನ್ ಮಾಡೋದು? ಕೋಳಿಗೆ ಮಾಡೋದೇ. ನಿಂಬೆ, ಉಪ್ಪು ಹಾಕಿ ತಿಕ್ಕಿ ತೊಳೆದೆ. ನನ್ನ ಫ್ರೀಜರ್‌ಗೆ ನಾತ ಹೊಡೆಯೋದು ಒಳಗೆ ಹೋಗಲ್ಲ."

"ಎಲ್ಲಾ ಇಲಿಗೂ?"

"ಒಂದಕ್ಕೆ ಮಾಡಿ ಒಂದಕ್ಕೆ ಬಿಡೋಕೆ ನಾನೇನು ಸೋಮಾರೀನಾ?"

ಗಿಲಾಂಗ್ ಮೆಟ್ಟಿಲ ಮೇಲೆ ಕುಸಿದು ಕೂತು ನಕ್ಕ. "ಅಯ್ಯೋ ಬು, ಅದು ಊಟ ಗುರುತು ಹಿಡಿಯೋದೇ ಆ ನಾತದಿಂದ!"

"ಹಂಗಾದ್ರೆ ಅರಿಶಿನ ಹಚ್ಚಿದ್ರೆ ತಿಂತಿತ್ತಾ?" ಅತ್ತೆ ತಮಾಷೆಗೆ ಕೇಳಲಿಲ್ಲ.

ಶೋಕವಲ್ಲ, ಓದುಗರೇ! ನನ್ನ ಮೊದಲ ಕರಡು ಪೂರ್ತಿ ಒಂದು ನಿಂಬೆಹಣ್ಣಿನ ಮೇಲೆ ನಿಂತಿತ್ತು! ಇಷ್ಟು ಖುಷಿಯಿಂದ ನಾನು ಯಾವ ಪುಟವನ್ನೂ ಹರಿದಿಲ್ಲ.

೬
(ಇಲ್ಲಿ ಸತ್ರಿಯೊ ಬಂದು ನಗಬೇಕಿತ್ತು. ಕರೆದೆ. ಬರಲಿಲ್ಲ. ಮುಂದೆ ಹೋಗೋಣ.)

೭
ಗಿಲಾಂಗ್ ಡಬ್ಬಿಯ ತಳದಿಂದ ಒದ್ದೆ ಮರದ ಹೊಟ್ಟನ್ನು ಬಾಚಿ ತಂದ. ಇಲಿಯ ಉಚ್ಚೆಯಲ್ಲಿ ನೆನೆದ ಹೊಟ್ಟು. ಸತ್ತ ಇಲಿಯನ್ನು ಅದರಲ್ಲಿ ಹೊರಳಿಸಿದೆವು. ಅತ್ತೆ ತಲೆವಸ್ತ್ರದ ತುದಿಯನ್ನು ಮೂಗಿಗೆ ಒತ್ತಿಕೊಂಡು, "ಬೆನ್ನಿಗೆ ಸರಿಯಾಗಿ ಹತ್ತಿಲ್ಲ, ಇನ್ನೊಂಚೂರು ಹಚ್ಚು" ಎಂದರು.

ಇಲಿಯನ್ನು ಇಕ್ಕಳದಲ್ಲಿ ಹಿಡಿದು ಗಾಜಿನ ಪೆಟ್ಟಿಗೆಯೊಳಗೆ ಚಾಚಿದೆ. ಈ ಸಲ ಕುಣಿಸಬೇಕಾಗಲೇ ಇಲ್ಲ. ಕ್ಲೆಪೊನ್ ತಲೆ ಎತ್ತಿತು. ನಾಲಿಗೆ. ಮತ್ತೆ ನಾಲಿಗೆ. ಕತ್ತು ಹಿಂದಕ್ಕೆ ಬಾಗಿತು.

ಹೊಡೆಯಿತು!

ಇಕ್ಕಳ ಕೈಯಿಂದ ಹಾರಿತು. ಇಲಿಯ ಸುತ್ತ ಒಂದು ಸುತ್ತು, ಇನ್ನೊಂದು ಸುತ್ತು.

"ತಿಂತು!" ಎಂದೆ.

"ಹಿಡಿದಿದೆ ಅಷ್ಟೇ ಮ್ಬಾಕ್," ಗಿಲಾಂಗ್ ಪಿಸುಗುಟ್ಟಿದ. "ಸದ್ದಾದ್ರೆ ಬಿಟ್ಬಿಡುತ್ತೆ."

೮
ಮುಕ್ತಾಯ ಎರಡು, ನುಂಗಿತು. ಮುಕ್ತಾಯ ಮೂರು, ಉಗುಳಿತು, ಗಿಲಾಂಗ್ ಚೀಲದ ಬಾಯಿ ಬಿಚ್ಚಿದ. ಎರಡನ್ನೂ ಬರೆಯಬಲ್ಲೆ. ಬರೆಯುವುದಿಲ್ಲ. ಮೂವರೂ ನೆಲದ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದೇವೆ. ಅತ್ತೆ ನನ್ನ ಮೊಣಕಾಲನ್ನು ನೋಯುವಷ್ಟು ಹಿಸುಕುತ್ತಿದ್ದಾರೆ, ಮತ್ತು ಅದು ನನಗೆ ನೋಯುತ್ತಿದೆ. ಸುರುಳಿಯೊಳಗೆ ಕ್ಲೆಪೊನ್ ಇಲಿಯ ತಲೆ ಯಾವ ಕಡೆಗಿದೆ ಎಂದು ನಿಧಾನವಾಗಿ ಹುಡುಕುತ್ತಿದೆ.

"ನಿನ್ನ ಪೆನ್ನು ಕರಕರ ಅಂತಿದೆ ನ್ದುಕ್," ಅತ್ತೆ ಕಿವಿಯಲ್ಲಿ ಹೇಳಿದರು. "ಇಡು ಅದನ್ನ."

ಸರಿ ಬು. ಓದುಗರೇ, ನೀವೂ ಪುಟ ಮಗುಚಬೇಡಿ.