ಎದೆಯದಲ್ಲ, ವಸಡಿನದು

ಮತ್ತೆ ನಾಲಿಗೆ ಅಲ್ಲಿಗೇ ಹೋಗುತ್ತಿದೆ, ಕೆಳಗಿನ ಮುಂಹಲ್ಲುಗಳ ಹಿಂದೆ, ಬಳ್ಳಾರಿಯ ವೈದ್ಯೆ ದೊರೆಸಾನಿ ಕೊಕ್ಕೆಯಿಂದ ಕಿಟ್ಟ ಕೆರೆದು ತೆಗೆದ ಜಾಗಕ್ಕೆ, ಎಷ್ಟು ನುಣುಪು, ನನ್ನ ಹಲ್ಲೇ ಅಲ್ಲವೇನೋ ಎನ್ನುವಷ್ಟು — ಗಾಡಿ ಕುಲುಕಿದಾಗಲೆಲ್ಲ ವಸಡು ಚುರುಕ್ ಎನ್ನುತ್ತದೆ, ಉಗುಳು ಇನ್ನೂ ಸ್ವಲ್ಪ ಕೆಂಪಗೇ ಇದೆ, ಇರಲಿ, ಇದು ಎದೆಯದಲ್ಲ, ವಸಡಿನದು, ಎಷ್ಟು ಹೇಳಿಕೊಂಡರೂ ಮನಸ್ಸಿಗೆ ಸಾಲದು. ಎದುರಿಗೆ ಅತ್ತೆ ಗಿರಿಜಾಬಾಯಿ, ಬಳ್ಳಾರಿಯ ಕೌಲ್ ಬಜಾರಿನ ಗದ್ದಲ ಹಿಂದೆ ಬಿದ್ದು ಎಷ್ಟೋ ಹೊತ್ತಾಯಿತು, ಎತ್ತಿನ ಬೆನ್ನು ನೋಡುತ್ತ ಕೂತಿದ್ದಾರೆ, ಏನು ಯೋಚಿಸುತ್ತಿದ್ದಾರೆ, ನಾನು ಯೋಚಿಸುತ್ತಿರುವುದನ್ನೇ? ಹೊಟ್ಟೆಯಲ್ಲಿ ಕೂಸು ಮಗ್ಗುಲಾಯಿತು, ಸುಮ್ಮನಿರು ಕಂದಾ, ನಿನ್ನನ್ನು ಯಾರೂ ಎಲ್ಲಿಗೂ ಕಳಿಸುವುದಿಲ್ಲ. ಹೋಗುವಾಗ ಇದೇ ಗಾಡಿಯಲ್ಲಿ ನನ್ನನ್ನು ಹಿಂದಿನ ತುದಿಗೆ ಕೂರಿಸಿದ್ದರು, ನನ್ನ ಉಸಿರು ತಮ್ಮ ಕಡೆ ಬಾರದ ಹಾಗೆ. ಬಸಿರು ನಿಂತ ಮೇಲೆ ಶುರುವಾದದ್ದು, ದೇಶನೂರಿನ ಮನೆಯ ಬಚ್ಚಲಲ್ಲಿ ಬೇವಿನ ಕಡ್ಡಿ ತಾಗಿದರೆ ಸಾಕು ರಕ್ತ, ರಕ್ತ ಬರುತ್ತದೆಂದು ನಾನು ತಿಕ್ಕುವುದನ್ನೇ ಬಿಟ್ಟೆ, ಬರೀ ನೀರು ಮುಕ್ಕಳಿಸಿ ಏಳುತ್ತಿದ್ದೆ, ಬಿಟ್ಟಷ್ಟೂ ವಸಡು ಊದಿತು, ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು, ಬಾಯಿ ನಾತ ಹೊಡೆಯತೊಡಗಿತು, ಇವರು, ನನ್ನ ಗಂಡ, ಮಾತಾಡುತ್ತಲೇ ಮುಖ ಆ ಕಡೆ ಮಾಡುತ್ತಿದ್ದರು, ನಾನು ಸೆರಗು ಬಾಯಿಗೆ ಹಿಡಿದೆ, ಹಾಗೇ ಓಡಾಡಿದೆ, ಹಾಗೇ ಬಡಿಸಿದೆ — ಒಂದು ಬೆಳಿಗ್ಗೆ ಬಚ್ಚಲ ಕಲ್ಲಿನ ಮೇಲೆ ನನ್ನ ಉಗುಳು ಅತ್ತೆಯ ಕಣ್ಣಿಗೆ ಬಿತ್ತು. ಅವರು ಕೂಗಲಿಲ್ಲ. ಈಕಿಗೂ ಬಂತು ನೋಡಪಾ ಅನಂತ, ಆಕಿಗೆ ಬಂದದ್ದs, ಎಂದು ಮಗನಿಗೆ ಹೇಳಿದರು, ಅಷ್ಟೆ, ಅಂದೇ ನನ್ನ ಹಾಸಿಗೆ ಕೊಟ್ಟಿಗೆಯ ಪಕ್ಕದ ಕೋಣೆಗೆ ಹೋಯಿತು.

ಆಕಿ ಎಂದರೆ ಲಕ್ಷ್ಮೀಬಾಯಿ, ಇವರ ಮೊದಲ ಹೆಂಡತಿ, ನಾನು ಕಣ್ಣಾರೆ ಕಾಣದವಳು, ಬಸುರಿಯಿದ್ದಾಗಲೇ ಉಗುಳಿನಲ್ಲಿ ರಕ್ತ ಕಂಡಿತೆಂದು, ಕ್ಷಯವೆಂದು, ಕುರುಗೋಡಿನ ತವರಿಗೆ ಕಳಿಸಿದವಳು — ಅಲ್ಲಿ ಹೆತ್ತ ಕೂಸು ಉಳಿಯಲಿಲ್ಲವಂತೆ, ನಮ್ಮ ಮನೆಯಿಂದ ಯಾರೂ ಹೋಗಲಿಲ್ಲವಂತೆ, ಆಮೇಲೆ ನನ್ನನ್ನು ತಂದುಕೊಂಡರು. ಮನೆಯಲ್ಲಿ ಅವಳ ಹೆಸರನ್ನು ತೀರಿಕೊಂಡವರ ಹೆಸರಿನಂತೆ ಹೇಳುತ್ತಾರೆ, ಆದರೆ ಅವಳು ತೀರಿಕೊಂಡಿಲ್ಲ, ಇಷ್ಟು ವರ್ಷವಾದರೂ ಇಲ್ಲ, ಕ್ಷಯದವರು ಇಷ್ಟು ವರ್ಷ ಇರುತ್ತಾರೆಯೇ — ನನ್ನನ್ನೂ ತವರಿಗೆ ಕಳಿಸುವುದೆಂದೇ ಆಗಿತ್ತು, ಇವರೇ ಕೊನೆಗೆ, ಹೊಟ್ಟೆಯಲ್ಲಿರುವುದು ಗಂಡಾಗಿದ್ದರೆ ಎಂಬ ಆಸೆಗೋ ಏನೋ, ಒಮ್ಮೆ ಬಳ್ಳಾರಿ ದೊರೆಸಾನಿಗೆ ತೋರಿಸವ್ವಾ ಅಂದರು. ದೊರೆಸಾನಿ, ಹೆಂಗಸರನ್ನು ನೋಡುವ ಆ ಬಿಳಿಯ ವೈದ್ಯೆ, ಎದೆಗೆ ಬೆನ್ನಿಗೆ ಕೊಳವೆ ಇಟ್ಟು ಆಲಿಸಿದಳು, ಬಾಯಿ ತೊಳೆಸಿದಳು, ಕೆಮ್ಮು ಎಂದಳು, ಬಿಳಿ ಬಟ್ಟೆಗೆ ಉಗಿಸಿದಳು, ಬಟ್ಟೆ ಬಿಳಿಯಾಗೇ ಇತ್ತು. ಆಮೇಲೆ ಬೆರಳಿನಿಂದ ವಸಡು ಒತ್ತಿದಳು, ರಕ್ತ ಒಸರಿತು, ಅದನ್ನು ಇನ್ನೊಂದು ಬಟ್ಟೆಗೆ ಒರೆಸಿ ಅತ್ತೆಯ ಮುಖದೆದುರು ಹಿಡಿದು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಹೇಳಿದಳು, ಹಲ್ಲಿನ ಬುಡಕ್ಕೆ ಕಿಟ್ಟ ಕಟ್ಟಿದೆ, ಅದರಿಂದ ವಸಡು ಕೆಟ್ಟಿದೆ, ಬಸುರಿಯರಿಗೆ ಇನ್ನೂ ಹೆಚ್ಚು, ರಕ್ತ ಬಂದರೂ ತಿಕ್ಕುವುದನ್ನು ಬಿಡಬಾರದು, ಬಿಟ್ಟರೆ ವಸಡು ಕರಗಿ ಗಟ್ಟಿ ಹಲ್ಲುಗಳೂ ಅಲುಗಾಡಿ ಬೀಳುತ್ತವೆ, ಕಡ್ಡಿಯನ್ನು ಜಗಿದು ಕುಂಚದಂತೆ ಮೆತ್ತಗೆ ಮಾಡಿಕೊಂಡು ತಿಕ್ಕಬೇಕು, ಉಂಡ ಮೇಲೆ ಬೆಚ್ಚನೆಯ ಉಪ್ಪುನೀರು ಮುಕ್ಕಳಿಸಬೇಕು, ಹೆರಿಗೆಯಾದ ಮೇಲೆ ಊತ ಇಳಿಯುತ್ತದೆ. ಅತ್ತೆ ಎಲ್ಲ ಕೇಳಿ ಒಂದೇ ಕೇಳಿದರು, ಬಸುರ್ಯಾರಿಗೆ ಎಲ್ಲಾರಿಗೂ ಹಿಂಗ ಆಗ್ತದೇನ್ರಿ. ಬಹಳ ಜನಕ್ಕೆ, ಎಂದಳು ದೊರೆಸಾನಿ, ಕೈ ತೊಳೆಯುತ್ತ. ಆಗ ಮುಚ್ಚಿದ ಬಾಯಿ ಅತ್ತೆಯದು, ಈಗ ತೆರೆಯಿತು —

ಮಾರೆಣ್ಣ, ಗಾಡಿ ಕುರುಗೋಡಿಗೆ ತಿರುಗಸು. ಗಾಡಿ ಹೊಡೆಯುವ ಮಾರೆಣ್ಣ ಹಿಂದೆ ನೋಡಿದ, ನಮ್ಮೂರಿಗೆ ಹೋಗೋ ಸಿರುಗುಪ್ಪದ ದಾರಿ ಇದು ಅಮ್ಮಾರ, ಕುರುಗೋಡಿಗೆ ಹೋದ್ರ ಸುತ್ತು ಆಗ್ತೈತಿ. ಆಗ್ಲಿ, ಎಂದರು ಅತ್ತೆ. ಲಕ್ಷ್ಮೀಬಾಯಿಯ ಹತ್ತಿರ ಹೋಗಬೇಕು ಎಂದು ನನಗೂ ಅನಿಸಿತ್ತಲ್ಲ, ಈಗೇಕೆ ಬೇಡವೆನಿಸುತ್ತದೆ, ಅವಳು ಚೆನ್ನಾಗಿದ್ದರೆ ಅವಳೇ ಮೊದಲಿನವಳು, ನನಗಿಂತ ಮೊದಲು ಆ ಮನೆಯ ಹೊಸ್ತಿಲು ದಾಟಿದವಳು, ನಿಜವಾಗಿ ಕಾಯಿಲೆಯವಳೇ ಆಗಿರಲಿ ಎಂದು ಯಾರು ಅಂದುಕೊಂಡದ್ದು, ನಾನೇ, ಥೂ, ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಮಲಗಿದ್ದನ್ನು ಇಷ್ಟು ಬೇಗ ಮರೆತೆನೇ — ಕುರುಗೋಡಿನ ಬಂಡೆಗುಡ್ಡ, ಕಲ್ಲುಚಪ್ಪಡಿಯ ಮನೆಗಳು, ಒಂದು ತಗ್ಗಿನ ಬಾಗಿಲು, ಅತ್ತೆಗೆ ಗುರುತು ಮರೆತಿಲ್ಲ. ಒಳಗಿನಿಂದ ಬಂದವಳು ತುಂಬಿದ ಮೈಯವಳು, ನನಗಿಂತ ಗಟ್ಟಿ, ತುಟಿ ಮಾತ್ರ ಒಳಗೆ ಬಿದ್ದಿದೆ, ಮುಂಹಲ್ಲು ಒಂದೂ ಇಲ್ಲ, ನನ್ನ ಅಕ್ಕನ ವಯಸ್ಸಿನವಳು ಮುದುಕಿಯ ಬಾಯಿ ಹೊತ್ತು ನಿಂತಿದ್ದಾಳೆ, ಒಂದು ಸಲವೂ ಕೆಮ್ಮಲಿಲ್ಲ. ಅತ್ತೆಯನ್ನು ಕಂಡು ಸೆರಗು ಬಾಯಿಗೆ ಹಿಡಿದಳು, ಹಿಂದಕ್ಕೆ ಸರಿದಳು. ಅತ್ತೆ ಒಳಗೆ ಕಾಲಿಟ್ಟರು, ಅವಳು ಇನ್ನೂ ಹಿಂದಕ್ಕೆ. ಲಕ್ಷ್ಮೀ, ನಿನಗ ಕ್ಷಯ ಇರಲೇ ಇಲ್ಲವ್ವಾ, ಈಕಿಗೂ ಹಂಗs ಆಗಿತ್ತು, ಅದು ವಸಡಿನ ರಕ್ತ, ನಾ ತಪ್ಪು ತಿಳದೆ, ನಡಿ ಮನಿಗೆ — ನನ್ನ ಕೈ ತಾನಾಗಿಯೇ ಅವಳ ಕಡೆ ಚಾಚಿತು, ಬಾ ಅಕ್ಕಾ ಎನ್ನಬೇಕು, ಅನ್ನುತ್ತೇನೆ, ಅನ್ನುತ್ತಿದ್ದೇನೆ, ಅವಳು ಅತ್ತೆಯ ಮಾತು ಕೇಳಿಸಿಕೊಂಡಳೋ ಇಲ್ಲವೋ, ನನ್ನ ಹೊಟ್ಟೆ ನೋಡುತ್ತಿದ್ದಾಳೆ. ದೂರ ನಿಂದರ್ರಿ ಅತ್ಯಾ, ಈಕಿ ಬಸುರಿ ಇದ್ದಾಳ. ಇಷ್ಟೇ ಅಂದಳು, ಮತ್ತೆ ಹಿಂದಕ್ಕೆ, ಬೆನ್ನು ಗೋಡೆಗೆ ತಾಗಿತು, ಇನ್ನು ಸರಿಯಲು ಜಾಗವಿಲ್ಲ, ಆದರೂ ಹಿಮ್ಮಡಿ ಗೋಡೆಯ ಬುಡವನ್ನು ಒತ್ತುತ್ತಿದೆ, ಹಿಂದಕ್ಕೆ, ಬರಿಗಾಲಿನ ಹಿಮ್ಮಡಿ, ಕಲ್ಲಿನ ಗೋಡೆ, ಹಿಂದಕ್ಕೆ, ಆ ಹಿಮ್ಮಡಿ —