ಮೊಳೆಗೆ ತೂಗಿದ ಚೈನು

ಬೇರೆ ಊರಿನವರು ಜಿಂಕೆಯ ಕೊಂಬು ತೂಗುಹಾಕುವ ಹಾಗೆ ಇರ್ಮಾಳ ಬಿಯರ್ ಅಂಗಡಿಯ ಗೋಡೆಗೆ ಬೈಕಿನ ಚೈನುಗಳನ್ನು ತೂಗುಹಾಕಿದ್ದರು. ವರ್ಷಕ್ಕೊಮ್ಮೆ ಊರಾಚೆಯ ಮರಳುದಿಬ್ಬಗಳಲ್ಲಿ ರೇಸು. ಅಲ್ಲಿ ಯಾರ ಚೈನು ಕೈಕೊಟ್ಟಿತೋ ಅವನದು ನೇರ ಗೋಡೆಗೆ, ಕೆಳಗೆ ತಗಡಿನಲ್ಲಿ ಅವನ ಹೆಸರು. ಹೆಸರು ಇಳಿಸಬೇಕೆಂದರೆ ರೇಸಿನ ದಿನ ಅದೇ ಚೈನು ಹಾಕಿದ ಗಾಡಿ ಒಂದು ಪೂರ್ತಿ ಸುತ್ತು ಬರಬೇಕು. ಯಾರೂ ಇಳಿಸಿದ್ದಿಲ್ಲ. ಹರಿದ ಚೈನನ್ನು ನಂಬಿ ಯಾವ ಪುಣ್ಯಾತ್ಮ ಗಾಡಿ ಹತ್ತುತ್ತಾನೆ?

ಕಕ್ಕಸಿನ ಬಾಗಿಲ ಪಕ್ಕ, ಹೋಗಿಬರುವವರ ತೋಳು ತಾಗುವ ಮೊಳೆಯಲ್ಲಿ ಗುಸ್ತ್‌ನ ಚೈನು ಇತ್ತು. ಗುಸ್ತ್ ಮಣ್ಣು ಸೇರಿದ ಮೇಲೂ ಅದು ಅಲ್ಲೇ ಇತ್ತು. ದುಡ್ಡು ಉಳಿಸಲು ಅಗ್ಗದ ಚೈನು ಹಾಕಿ ಗೆಲ್ಲುವ ರೇಸು ಕಳೆದುಕೊಂಡ ಜಿಪುಣ ಎಂದು ಊರು ತೀರ್ಮಾನಿಸಿತ್ತು. ತಟ್ಟೆಯ ಕೊನೆಯ ಆಲೂಗಡ್ಡೆ ತುಂಡು ಬಿಟ್ಟುಕೊಡದ ಮಕ್ಕಳಿಗೂ ತಾಯಂದಿರು "ಗುಸ್ತ್ ಆಗ್ಬೇಡ" ಎನ್ನುತ್ತಿದ್ದರು.

ಅವನ ಮಗಳು ಲುಟ್ಗಾರ್ಡ್ ಹಾಲಿನ ಟ್ಯಾಂಕರು ಓಡಿಸುವವಳು. ಆ ರೇಸಿನ ನಂತರ ಅಪ್ಪ ತನ್ನ ಗಾಡಿಗೆ ಮತ್ತೊಂದು ಚೈನು ಹಾಕಲೇ ಇಲ್ಲ. ಕೊಟ್ಟಿಗೆಯಲ್ಲಿ ಗಾಡಿ ನಿದ್ದೆಯ ಶಾಪ ತಗುಲಿದ ರಾಜಕುಮಾರಿಯ ಹಾಗೆ ಬಿದ್ದಿತ್ತು. ಈ ವರ್ಷ ಆ ಗಾಡಿಯಲ್ಲೇ ಒಂದು ಸುತ್ತು ಬಂದು ಊರಿನ ಬಾಯಿ ಮುಚ್ಚಿಸುತ್ತೇನೆಂದು ಅವಳು ಹಟ ತೊಟ್ಟಳು. ಎಂಜಿನ್ನು ಸರಿಯಾಯಿತು, ಟೈರು ಬಂತು. ಚೈನು ಮಾತ್ರ ಸಿಗಲಿಲ್ಲ.

ಪೇಟೆಯ ಅಂಗಡಿಯವನು ಚಿನ್ನದ ಬಣ್ಣದ್ದೊಂದು ತೋರಿಸಿದ. ಕೊಂಡಿ ಕೊಂಡಿಯ ನಡುವೆ ರಬ್ಬರಿನ ಬಳೆ, ಅದರಿಂದಾಗಿ ದಪ್ಪ. ಹಾಕಿದರೆ ಎಂಜಿನ್ನಿನ ಮೈಯನ್ನೇ ಉಜ್ಜುತ್ತಿತ್ತು. ಉಜ್ಜಿ ಉಜ್ಜಿ ಅದೇ ಜಾಗ ಮಾಡಿಕೊಳ್ಳುತ್ತೆ ಎಂದ ಆ ಮಹಾನುಭಾವ, ಹೊಸ ಬೂಟಿನ ವಿಷಯ ಹೇಳಿದ ಹಾಗೆ. ಅವಳು ಚೈನು ಕೂರುವ ಹಲ್ಲಿನ ಚಕ್ರವನ್ನು, ಆ ಹಳೆಯ ಸ್ಪ್ರಾಕೆಟ್ಟನ್ನು, ಬ್ಯಾಗಿನಲ್ಲಿಟ್ಟುಕೊಂಡು ಹಳೆ ಸಾಮಾನಿನ ಸಂತೆಯೆಲ್ಲ ಸುತ್ತಿದಳು. ಚೈನಿನ ಎರಡು ತುದಿ ಸೇರಿಸುವ ಲಾಕು ಡಬ್ಬಿಗಟ್ಟಲೆ ಇದ್ದವು, ಒಂದನ್ನು ಪುಕ್ಕಟೆಯಾಗಿಯೇ ಕೊಟ್ಟರು. ಚೈನು ಮಾತ್ರ ಒಂದೋ ಸಣಕಲು, ಇಲ್ಲ ತುಕ್ಕು.

ಕೊನೆಗೆ ಫಿರ್ಮಿನ್ ಹತ್ತಿರ ಹೋದಳು. ಫಿರ್ಮಿನ್ ಹಳೆ ಬೈಕುಗಳ ಸಂಘದ ಅಧ್ಯಕ್ಷ. ತೆಳ್ಳಗಿದ್ದಾಗ ಹೊಲಿಸಿದ ಚರ್ಮದ ಅಂಗಿಯನ್ನು ಈಗ ಗುಂಡಿ ಹಾಕದೆ ತೊಟ್ಟುಕೊಂಡು, ಹಲ್ಲುಜ್ಜುವ ಬ್ರಷ್ಷಿನಿಂದ ಗಾಡಿ ತಿಕ್ಕುವ ಜನರ ನಾಯಕ. ವರ್ಷಕ್ಕೊಂದು ಸಲ, ರೇಸಿನ ಮೊದಲ ಸುತ್ತಿನಲ್ಲಿ ಎಲ್ಲರ ಮುಂದೆ ಹೆಣದ ಮೆರವಣಿಗೆಯ ವೇಗದಲ್ಲಿ ಹೋಗಿಬರುವುದೇ ಅವನ ಸಾಹಸ. ಅಪ್ಪನ ಕಾಲದಲ್ಲಿ ಅವನೇ ಅಪ್ಪನ ಮೆಕ್ಯಾನಿಕ್ಕು. ಅದನ್ನೂ ಅವನು ಬಿಯರಿನ ಪ್ರತಿ ಲೋಟಕ್ಕೊಮ್ಮೆ ಹೇಳುತ್ತಿದ್ದ.

ಅವನ ಗಾಜಿನ ಕಪಾಟಿನಲ್ಲಿ, ಮೇಣದ ಕಾಗದದಿಂದ ತಲೆ ಹೊರಹಾಕಿ, ಸರಿಯಾದ ಚೈನು ಮಲಗಿತ್ತು. ಕೊಂಡಿಯ ಮೇಲೆ ದುಬಾರಿ ಕಂಪನಿಯ ಪುಟ್ಟ ಮೊಲದ ಮುದ್ರೆ.

"ಇದು ಓಡಿಸೋ ಚೈನಲ್ಲ ಕಣಮ್ಮ, ನೋಡೋ ಚೈನು," ಎಂದ ಫಿರ್ಮಿನ್. "ನಿಮ್ಮಪ್ಪ ಅವತ್ತು ಇಂಥದ್ದು ತಂದಿದ್ರೆ ಹೆಸರು ಕಕ್ಕಸಿನ ಪಕ್ಕ ಇರ್ತಿರ್ಲಿಲ್ಲ."

ಅವಳು ಅವನ ಹೆಂಡತಿ ಕೊಟ್ಟ ಕಾಫಿ ಮುಟ್ಟದೆ ಎದ್ದು ಬಂದಳು. ದಾರಿಯಲ್ಲಿ ಇರ್ಮಾಳ ಅಂಗಡಿ. ಬಾಯಿ ಕಹಿಯಾಗಿತ್ತು, ಒಂದು ಬಿಯರ್ ಕುಡಿದಳು, ಕಕ್ಕಸಿಗೆ ಹೋದಳು, ಬರುವಾಗ ತೋಳು ಚೈನಿಗೆ ತಾಗಿತು. ಚಿಕ್ಕಂದಿನಿಂದ ಆ ಕಡೆ ನೋಡದೆ ಮುಖ ತಿರುಗಿಸಿಯೇ ಅಭ್ಯಾಸ. ಅವತ್ತು ನೋಡಿದಳು. ಹೆಬ್ಬೆರಳಿನಿಂದ ಹೊಗೆಯ ಮಸಿ ಒರೆಸಿದಾಗ ಕೆಳಗಿನಿಂದ ಮೊಲವೊಂದು ಕಿವಿ ನಿಮಿರಿಸಿತು.

ಇರ್ಮಾಳನ್ನು ಕೇಳಿ ಇಳಿಸಿಕೊಂಡಳು. ಒಂದೊಂದೇ ಕೊಂಡಿಯನ್ನು ಬೆರಳಲ್ಲಿ ತಿರುವಿದಳು, ಅಜ್ಜಿ ಜಪಮಣಿ ಎಣಿಸುತ್ತಿದ್ದ ಹಾಗೆ. ಹರಿದದ್ದು ಒಂದೂ ಇಲ್ಲ. ಚೈನು ಹರಿದೇ ಇರಲಿಲ್ಲ, ಲಾಕು ಬಿಚ್ಚಿಕೊಂಡಿತ್ತು, ಅಷ್ಟೆ. ಬಿಯರ್ ಹೀರುತ್ತ ಅಪ್ಪನನ್ನು ಜಿಪುಣನೆಂದ ಇಷ್ಟು ಜನರಲ್ಲಿ ಒಬ್ಬನಾದರೂ ಕತ್ತೆತ್ತಿ ನೋಡಿರಲಿಲ್ಲ. ತಾನೂ ನೋಡಿರಲಿಲ್ಲ ಎಂಬುದು ಅವಳಿಗೆ ಇನ್ನಷ್ಟು ಉರಿಯಿತು.

ಮನೆಯಲ್ಲಿ ಹಳೆ ಬಾಣಲೆಯಲ್ಲಿ ಗ್ರೀಸು ಕರಗಿಸಿ ಚೈನನ್ನು ಅದರಲ್ಲಿ ಕುದಿಸಿದಳು, ಅಪ್ಪ ಮಾಡುತ್ತಿದ್ದಂತೆ. ಸ್ಪ್ರಾಕೆಟ್ಟಿನ ಹಲ್ಲಿಗೆ ಅದು ಹೇಳಿ ಮಾಡಿಸಿದಂತೆ ಕೂತಿತು. ಆಮೇಲೆ ಸಂತೆಯಲ್ಲಿ ಪುಕ್ಕಟೆ ಸಿಕ್ಕ ಲಾಕು. ಲಾಕಿನ ಮೇಲೊಂದು ಪುಟ್ಟ ತಗಡು, ಥೇಟ್ ಮೀನಿನಂತೆ. ಚೈನು ಓಡುವ ಕಡೆಗೆ ಮೀನಿನ ತಲೆ, ಸೀಳಿದ ಬಾಲ ಹಿಂದೆ. ತಿರುಗಾಮುರುಗಾ ಹಾಕಿದರೆ ಏನಾದರೂ ತಗುಲಿ ಹಾರಿಹೋಗುತ್ತದೆ.

ರೇಸಿನ ದಿನ ಪಾದ್ರಿ ಗಾಡಿಗಳ ಮೇಲೆ ತೀರ್ಥ ಚಿಮುಕಿಸಿದರು. ಫಿರ್ಮಿನ್ ತನ್ನ ಥಳಥಳಿಸುವ ಗಾಡಿಯ ಪಕ್ಕ ನಿಂತು, ಕಕ್ಕಸಿನ ಚೈನು ಯಾವ ತಿರುವಿನವರೆಗೆ ಬಾಳಬಹುದೆಂದು ಲೆಕ್ಕ ಹಾಕಿ ಸುತ್ತಲಿದ್ದವರನ್ನು ನಗಿಸುತ್ತಿದ್ದ. ಲುಟ್ಗಾರ್ಡಳ ಕಣ್ಣು ಅವನ ಗಾಡಿಯ ಚೈನಿನ ಮೇಲೆ ಹೋಯಿತು. ಲಾಕು ಕೆಳಗಿನ ಸಾಲಿನಲ್ಲಿತ್ತು, ಮೀನಿನ ತಲೆ ಎಂಜಿನ್ನಿನ ಕಡೆಗೆ. ಮೇಲಿನ ಸಾಲಿನಲ್ಲಿ ಮುಂದಕ್ಕೆ ಓಡುವ ಚೈನು ಕೆಳಗಿನ ಸಾಲಿನಲ್ಲಿ ಹಿಂದಕ್ಕೆ ಓಡುತ್ತದೆ ಎಂಬುದು ಈ ಅಧ್ಯಕ್ಷರ ತಲೆಗೆ ಹೊಳೆದೇ ಇರಲಿಲ್ಲ.

"ಮಾಮ, ನಿಮ್ಮ ಲಾಕು ಉಲ್ಟಾ ಇದೆ," ಎಂದಳು.

ಫಿರ್ಮಿನ್ ಬಗ್ಗಿ ಕೂಡ ನೋಡಲಿಲ್ಲ. "ನೀನು ಹುಟ್ಟೋ ಮುಂಚಿಂದ ಹೀಗೇ ಹಾಕ್ತಿದೀನಿ. ನನಗೆ ಹೇಳ್ಕೊಡ್ತೀಯಾ?"

"ಗೊತ್ತು ಮಾಮ. ಅಪ್ಪನ ಗಾಡಿಗೂ ನೀವೇ ಹಾಕಿದ್ದಲ್ವಾ?"

ನಗುತ್ತಿದ್ದವರು ನಗು ನಿಲ್ಲಿಸಿ ಅವನ ಗಾಡಿಯ ಕೆಳಗೆ ಬಗ್ಗಿ ನೋಡತೊಡಗಿದರು. ಲುಟ್ಗಾರ್ಡ್ ಇಕ್ಕಳ ಚಾಚಿದಳು. ಅವನು ತೆಗೆದುಕೊಳ್ಳಲಿಲ್ಲ. ಕಿವಿ ಕೆಂಪಗೆ ಮಾಡಿಕೊಂಡು ಗಾಡಿಗೆ ಕಿಕ್ ಹೊಡೆದು ಎಂದೂ ಇಲ್ಲದ ವೇಗದಲ್ಲಿ ಹೊರಟ.

ಅವಳಿಗೆ ಆ ಸುತ್ತಿನಲ್ಲಿ ನೆನಪುಳಿದದ್ದು ಕಡಿಮೆ. ಬಾಯೊಳಗೆ ಮರಳು, ಕಾಲ ಪಕ್ಕದಲ್ಲಿ ಚೈನಿನ ಒಂದೇ ಸಮನಾದ ಗುನುಗು. ದೊಡ್ಡ ದಿಬ್ಬದ ಹಿಂದೆ ಹೊಳೆಯುವ ಗಾಡಿಯೊಂದು ನಿಂತಿತ್ತು. ಅದರ ಪಕ್ಕದಲ್ಲಿ ಮೊಣಕಾಲೂರಿ ಒಬ್ಬ ದಪ್ಪ ಮನುಷ್ಯ ಮರಳು ಕೆದಕುತ್ತಿದ್ದ. ಅವಳು ವೇಗ ಕಡಿಮೆ ಮಾಡಲಿಲ್ಲ.

ಅಂಗಡಿಯಲ್ಲಿ ಇರ್ಮಾ ಗುಸ್ತ್‌ನ ತಗಡು ಕಿತ್ತು ಲುಟ್ಗಾರ್ಡಳ ಕೈಗಿಟ್ಟಳು. ಮೊಳೆಯನ್ನೂ ಕೀಳಲೇ ಎಂದು ಕೇಳಿದಳು.

ಕಿಟಕಿಯಾಚೆ ಫಿರ್ಮಿನ್ ಗಾಡಿ ತಳ್ಳಿಕೊಂಡು ಬರುತ್ತಿದ್ದ, ಚೈನು ಹೆಗಲ ಮೇಲೆ.

"ಇರ್ಲಿ ಬಿಡು ಇರ್ಮಕ್ಕ," ಎಂದಳು ಲುಟ್ಗಾರ್ಡ್. "ಬೇಕಾಗುತ್ತೆ."